ಗವರ್ನರ್ ಜನರಲ್ ಆಟಕ್ಕೆ ಬಂದರೆ

ಸೌದಿಯ ಯಾನ್ಬುವಿನಲ್ಲಿ ನಾನು ಕೆಲಸಗಾರರ ಕ್ಯಾಂಪಿಗೆ ಬಾಸ್ ಆದ ವಾರವೇ ಕ್ಲೈವ್ ಬಂದ. ಎಂಬತ್ತರ ದಶಕದ ಮಾತು. ವೆಸ್ಟ್ ಇಂಡೀಸಿನ ಪುಟ್ಟ ದ್ವೀಪವೊಂದರ ಎಲೆಕ್ಟ್ರಿಷಿಯನ್. ಆ ದ್ವೀಪಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಅವನು ಪೆಟ್ಟಿಗೆ ಬಿಚ್ಚುವಾಗ ಒಂದು ಫೋಟೊ ಕಂಡಿತು: ಗರಿಯ ಟೊಪ್ಪಿ, ಬಿಳಿ ಕೋಟು, ಸೊಂಟದಲ್ಲಿ ಕತ್ತಿ.

"ಯಾರಿದು, ರಾಜನಾ?"

"ನನ್ನಣ್ಣ. ಶಾಲೆ ಮೇಷ್ಟ್ರಾಗಿದ್ದ. ಈಗ ಗವರ್ನರ್ ಜನರಲ್."

"ಸ್ವಾತಂತ್ರ್ಯ ಬಂದ ಮೇಲೂ ಅದೆಂತಕ್ಕೆ?"

"ರಾಣಿ ಲಂಡನ್ನಿನಲ್ಲಿ ಇರ್ತಾಳೆ. ಅವಳ ಬದಲಿಗೆ ಇವನು. ಮಂತ್ರಿಗಳು ಕಳಿಸಿದ್ದಕ್ಕೆಲ್ಲ ಸಹಿ ಹಾಕ್ತಾನೆ."

ನನಗೆ ನಗು ಬಂತು. ನನ್ನ ಕೆಲಸವೂ ಅದೇ. ನಮ್ಮನ್ನು ಕರೆಸಿದ ಕಫೀಲ್ ಇದ್ದದ್ದು ಜೆದ್ದಾದಲ್ಲಿ, ಅವನ ಬದಲಿಗೆ ಇಲ್ಲಿ ನಾನು.

ಕ್ಲೈವ್ ನಗಲಿಲ್ಲ. "ಭಾನುವಾರ ನಾವೆಲ್ಲ ಅಂಗಡಿ ಜಗಲಿಯಲ್ಲಿ ಡಾಮಿನೊ ಆಡ್ತಿದ್ದೆವು. ಹುದ್ದೆ ಸಿಕ್ಕಿದ ಮೇಲೂ ಅವನು ಒಮ್ಮೆ ಬಂದ. ಎಲ್ಲರೂ ಎದ್ದು ನಿಂತರು. ಕೂತ್ಕೊಳ್ಳಿ ಅಂದ, ಯಾರೂ ಕೂರಲಿಲ್ಲ. ಮತ್ತೆ ಅವನು ಬರಲೇ ಇಲ್ಲ."

"ನೀನೂ ನಿಂತೆಯಾ?"

"ನಾನೇ ಮೊದಲು ನಿಂತದ್ದು."

ಬಾಸ್ ಆದ ಮೇಲೆ ನನಗೆ ಒಬ್ಬನಿಗೇ ಒಂದು ರೂಮು ಕೊಟ್ಟಿದ್ದರು. ಗೋಡೆ ನೋಡಿ ನೋಡಿ ಸಾಕಾಗಿ ಶುಕ್ರವಾರ ಮಧ್ಯಾಹ್ನ ಹಳೇ ರೂಮಿಗೆ ಹೋದೆ. ಉಳ್ಳಾಲದ ಹಮೀದ್ ಮತ್ತು ಇನ್ನಿಬ್ಬರು ಕೇರಂ ಆಡುತ್ತಿದ್ದರು. ನನ್ನನ್ನು ಕಂಡು ಮೂವರೂ ಎದ್ದರು. ಮೂರು ವರ್ಷ "ಬಾ ಮಾರಾಯ" ಎನ್ನುತ್ತಿದ್ದ ಹಮೀದ್ "ಬನ್ನಿ ಸರ್" ಎಂದ.

"ಸರ್ ಎಂತದು ಮಾರಾಯ, ಕೂತ್ಕೋ" ಎಂದೆ.

ಪುಣ್ಯಕ್ಕೆ ಇವರು ಕೂತರು, ಆಡಿದರು. ಹಮೀದನ ಎದುರು ಹಿಂದೆ ಒಂದು ಬೋರ್ಡೂ ಗೆಲ್ಲದ ನಾನು ಅವತ್ತು ಸಾಲಾಗಿ ಮೂರು ಗೆದ್ದೆ.