ರಾಗಿಮೂಟೆ ತೂಗಿಸಿ ನೋಡುತ್ತಿದ್ದ ವಹಾಬ್

ಮಂಡ್ಯದ ಗುತ್ತಲು ರಸ್ತೆಯಲ್ಲಿದ್ದ ವೈರ್‌ಮನ್ ವಹಾಬನದು ಒಂದು ಕಟ್ಟುನಿಟ್ಟು. ಯಾರ ಮನೆಯಲ್ಲೇ ಆಗಲಿ, ಸೂರಿಗೆ ಫ್ಯಾನು ಏರಿಸುವ ಮೊದಲು ಅದರ ಕೊಂಡಿಗೆ ಒಂದು ಪಲ್ಲ ರಾಗಿಯ ಮೂಟೆಯನ್ನು ಬೆಳಗಿನಿಂದ ಸಂಜೆಯವರೆಗೆ ತೂಗುಬಿಡುತ್ತಿದ್ದ. ಕೊಂಡಿ ಕೂದಲೆಳೆಯಷ್ಟೂ ಇಳಿಯದಿದ್ದರೆ ಮಾತ್ರ ಫ್ಯಾನಿನ ಪೆಟ್ಟಿಗೆ ಬಿಚ್ಚುವುದು. ಇದೇಕೆ ಎಂದು ಕೇಳಿದವರಿಗೆ, “ಮೂಟೆ ಸುಮ್ಕೆ ನೇತಾಡ್ತದೆ ಸ್ವಾಮಿ, ಫ್ಯಾನು ತಿರುಗ್ತದೆ. ಸುಮ್ನಿರೋದನ್ನೇ ತಡೀದೆ ಇರೋ ಕೊಂಡಿ ತಿರುಗೋದನ್ನ ತಡೀತದಾ?” ಎನ್ನುತ್ತಿದ್ದ. ಅವನ ತಂದೆ ಜಟಕಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವನು. ವಹಾಬನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಕಂಬ ನೆಡುವವರ ಹಿಂದೆ ಅಲೆದು ಕೆಲಸ ಕಲಿತಿದ್ದ. ಊರಿನಲ್ಲಿ ಫ್ಯಾನಿದ್ದ ಮನೆಗಳೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ನಾಲ್ಕು ಮನೆಗಳ ಫ್ಯಾನುಗಳು ಅವನ ಕೈಯಿಂದಲೇ ಏರಿದ್ದವು.

೧೯೪೦ರ ಏಪ್ರಿಲ್ ತಿಂಗಳಲ್ಲಿ ಶಿರಸ್ತೇದಾರ ಕೆಂಪಸಿದ್ದಯ್ಯನವರು ಬೆಂಗಳೂರಿನಿಂದ ಎರಡು ಫ್ಯಾನುಗಳನ್ನು ರೈಲಿನಲ್ಲಿ ತರಿಸಿ, ವಹಾಬನಿಗೆ ಹೇಳಿಕಳುಹಿಸಿದರು. ಅವನೂ ಒಂದು ಕೋರಿಕೆಯನ್ನಿಟ್ಟುಕೊಂಡೇ ಬಂದ. ಪರವಾನಗಿಯಿಲ್ಲದ ವೈರ್‌ಮನ್‌ಗೆ ಮನೆಕೆಲಸ ಸಿಕ್ಕುವುದು ದಿನದಿನಕ್ಕೆ ಕಷ್ಟವಾಗುತ್ತಿತ್ತು. ಪರವಾನಗಿಯ ಅರ್ಜಿಯ ಜೊತೆಗೆ ಊರಿನ ದೊಡ್ಡ ಮನುಷ್ಯರೊಬ್ಬರು, ಇವನ ಕೆಲಸ ಕಂಡಿದ್ದೇನೆ ಎಂದು ಬರೆದುಕೊಡಬೇಕಾಗಿತ್ತು. “ಬರೀತೀನಿ, ಅದೇನು ಮಹಾ,” ಎಂದಿದ್ದರು ಕೆಂಪಸಿದ್ದಯ್ಯನವರು.

ಮುಂದಿನ ಕೊಠಡಿಯ ಫ್ಯಾನು ತೊಂದರೆಯಿಲ್ಲದೆ ಏರಿತು. ನಡುಮನೆಯಲ್ಲಿ, ತೊಟ್ಟಿಲು ಕಟ್ಟಲೆಂದು ದೊಡ್ಡ ತೊಲೆಗೆ ಹಿಂದೆಯೇ ಹೊಡೆದಿದ್ದ ಕೊಂಡಿಯಿತ್ತು. ವಹಾಬನು ಅದಕ್ಕೆ ಮೂಟೆ ಕಟ್ಟಿದ. ಸಂಜೆ ನೋಡಿದರೆ ಕೊಂಡಿ ಹೆಬ್ಬೆರಳಿನ ಅಗಲ ಕೆಳಗಿಳಿದಿತ್ತು. ಏಣಿ ಹತ್ತಿ ತಿರುಪುಳಿಯಿಂದ ಕೆದಕಿದ. ಮಣ್ಣುಬಣ್ಣದ ಪುಡಿ ಉದುರಿತು. ಅವನು ಇಳಿದ ಮೇಲೆ ಕೆಂಪಸಿದ್ದಯ್ಯನವರು ತಾವೇ ಹತ್ತಿ, ಸಂದಿನಲ್ಲಿ ಬೆರಳಿಟ್ಟರು. ಬೆರಳು ಎರಡನೆಯ ಗೆಣ್ಣಿನವರೆಗೆ ಹೋಯಿತು.

ಅಷ್ಟರಲ್ಲಿ ಅವರ ತಾಯಿ ದೇವಿರಮ್ಮ ಅಡಿಗೆಮನೆಯ ಹೊಸಿಲಿಗೆ ಬಂದು ನಿಂತಿದ್ದರು.

“ಅದೇನ್ಲಾ ಉದುರ್ತಾ ಇರೋದು?”

ವಹಾಬನಿಗೆ ಮಾತನ್ನು ಸುತ್ತಿ ಹೇಳಲು ಬರುತ್ತಿರಲಿಲ್ಲ. “ಗೆದ್ದಲು ಕಣವ್ವ. ತೊಲೆ ಒಳಗೇ ಟೊಳ್ಳಾಗೈತೆ. ಫ್ಯಾನಿನ ಮಾತು ಅತ್ಲಾಗಿರ್ಲಿ, ಮೊದ್ಲು ತೊಲೆ ಬದಲಾಯಿಸ್ಬೇಕು.”

“ಯಾರ ಮನೆ ತೊಲೆ ಟೊಳ್ಳು ಅಂತೀಯ? ಮಳವಳ್ಳಿ ಕಡೆಯಿಂದ ನಮ್ ಯಜಮಾನ್ರು ನಾಕು ಜೊತೆ ಎತ್ತು ಕಟ್ಟಿ ಎಳ್ಕಂಬಂದ ಮತ್ತಿ ಮರ ಕಣ್ಲಾ ಅದು! ಅರಿಸಿನ ಕುಂಕುಮ ಇಕ್ಕಿ, ಕಾಯಿ ಒಡೆದು ಏರಿಸಿದ್ದು. ನಿನ್ ಬಾಯಿಗೆ ಮಣ್ಣಾಕ!”

“ಮರ ಒಳ್ಳೇದೇ ಕಣವ್ವ. ಗೆದ್ದಲಿಗೆ ಅದು ಗೊತ್ತಾಗ್ನಿಲ್ಲ, ಅಷ್ಟೇಯ.”

“ನೋಡ್ಲಾ ಕೆಂಪ, ಇವ್ನ್ ಮಾತಾಡೋದ! ಕೈಲಾಗ್ದೋನು ಮನೆ ಮೇಲೆ ತಪ್ಪು ಹಾಕ್ತಾನೆ. ಕಳಿಸ್ಲಾ ಅವುನ್ನ.”

ತೊಲೆ ಏರಿದ ಮರುವರ್ಷವೇ ಯಜಮಾನರು ತೀರಿಕೊಂಡಿದ್ದರು. ಆ ತೊಲೆಯ ಮಾತು ಬಂದರೆ ತಾಯಿಗೆ ಗಂಡನ ಮಾತೇ ಬಂದ ಹಾಗೆ ಎಂಬುದು ಮಗನಿಗೆ ಗೊತ್ತಿತ್ತು. ಏಣಿಯ ಮೇಲೆಯೇ ನಿಂತು ಬೆರಳಿನ ಪುಡಿಯನ್ನು ಪಂಚೆಗೆ ಒರಸಿಕೊಂಡರು. “ಇವತ್ತಿಗೆ ಸಾಕು ವಹಾಬ್. ಬೇಕಾದರೆ ಹೇಳಿಕಳಿಸ್ತೀನಿ,” ಎಂದರು.

ವಹಾಬನು ಮೂಟೆ ಇಳಿಸಿ ಉಗ್ರಾಣದಲ್ಲಿಟ್ಟು ಬಂದು, ಬಾಗಿಲಲ್ಲಿ ಒಂದು ಗಳಿಗೆ ನಿಂತ. “ಆ ಕಾಗದ, ಸ್ವಾಮಿ?”

“ನೋಡೋಣ.”

ನಾಲ್ಕು ದಿನದ ಮೇಲೆ ಮದ್ದೂರಿನಿಂದ ಬಂದ ಇನ್ನೊಬ್ಬ ವೈರ್‌ಮನ್, ತೊಲೆಯ ಕಡೆ ತಲೆಯೆತ್ತಿಯೂ ನೋಡದೆ, ಪಕ್ಕದ ಅಡ್ಡತೊಲೆಗೆ ಹೊಸ ಕೊಂಡಿ ಹೊಡೆದು ಅರ್ಧ ಗಂಟೆಯಲ್ಲಿ ಫ್ಯಾನು ಏರಿಸಿದ. ಅದು ತಿರುಗಿತು. ದೇವಿರಮ್ಮ ಕೇರಿಯ ಹೆಂಗಸರನ್ನೆಲ್ಲ ಕರೆದು ಗಾಳಿಗೆ ಕೂರಿಸಿದರು. “ಆ ಮೂಟೆಯೋನ್ನ ನಂಬಿದ್ರೆ ನಾವು ಬೀಸಣಿಗೆಲೇ ಸಾಯ್ಬೇಕಿತ್ತು ಕಣಮ್ಮ,” ಎಂದು ನಗಿಸಿದರು. ವಹಾಬನಿಗೆ ‘ಮೂಟೆ ವಹಾಬ’ ಎಂಬ ಹೆಸರು ನಿಂತುಹೋಯಿತು. ಅವನನ್ನೇಕೆ ಬಿಟ್ಟಿರಿ ಎಂದು ಕಚೇರಿಯಲ್ಲಿ ಯಾರೋ ಕೇಳಿದಾಗ ಶಿರಸ್ತೇದಾರರು, “ಅವನಿಗೆ ಅಷ್ಟಾಗಿ ಕೆಲಸ ಬಾರದು,” ಎಂದುಬಿಟ್ಟರು. ತಾಯಿಯ ಮರ್ಯಾದೆ ಉಳಿಸಲು ಆಡಿದ ಮಾತು. ಆದರೆ ಶಿರಸ್ತೇದಾರರ ಬಾಯಿಂದ ಬಂದದ್ದು ಕಚೇರಿಯ ಹೊಸಿಲಲ್ಲಿ ನಿಲ್ಲುವುದುಂಟೇ? ಅರ್ಜಿಗಳನ್ನು ನೋಡುವ ಅಧಿಕಾರಿ ಒಮ್ಮೆ ಮನೆಗೇ ಬಂದು, “ಆ ವಹಾಬ್ ಹೇಗೆ?” ಎಂದು ವಿಚಾರಿಸಿದಾಗ, ಕೆಂಪಸಿದ್ದಯ್ಯನವರು ಕಾಫಿಯ ಲೋಟವನ್ನು ತುಟಿಯಿಂದ ತೆಗೆಯಲಿಲ್ಲ. ಕೇಳಿದವರಿಗೆ ಅಷ್ಟೇ ಸಾಕಾಯಿತು.

ಆದರೆ ಗಾಳಿ ಹೊಡೆದರೆ ಮೈನೋವು ಬರುತ್ತದೆಂದು ನೆವ ಹೇಳಿ, ಅದೇ ವಾರ ತಾಯಿಯ ಹಾಸಿಗೆಯನ್ನು ತೊಲೆಯ ಅಡಿಯಿಂದ ಕೊಠಡಿಗೆ ಹಾಕಿಸಿದ್ದರು. ಮಕ್ಕಳನ್ನೂ ಅಲ್ಲಿ ಮಲಗಗೊಡುತ್ತಿರಲಿಲ್ಲ. ನಡುಮನೆಯ ಫ್ಯಾನು ಬರಿಯ ನೆಲಕ್ಕೆ ಬೀಸುತ್ತಿತ್ತು.

೧೯೪೩ರಲ್ಲಿ ದೇವಿರಮ್ಮ ತೀರಿಕೊಂಡರು. ವರ್ಷಾಂತಿಕ ಕಳೆದ ಮೇಲೆ ಹೊಳಲಿನ ಬಡಗಿ ಚಿಕ್ಕಬೋರಯ್ಯನನ್ನು ಕರೆಸಿ ತೊಲೆಯನ್ನು ಇಳಿಸಿದರು. ಉಳಿ ಹಿಡಿಯವರೆಗೂ ಇಳಿಯಿತು. “ಇದು ಯಂಗ್ ನಿಂತಿತ್ತು ಬುದ್ಧಿ? ಇಷ್ಟು ದಿನ ಯಾರೂ ನೋಡ್ನಿಲ್ವಾ?” ಎಂದು ಅವನು ಬೆರಗಾಗಿ ಕೇಳಿದ. ಕೆಂಪಸಿದ್ದಯ್ಯನವರು ಆ ದಿನವೇ ಕೂತು, ನಾಲ್ಕು ವರ್ಷದ ಹಿಂದೆ ಬರೆಯಬೇಕಾಗಿದ್ದ ಕಾಗದವನ್ನು ಬರೆದು, ಮರುದಿನ ಗುತ್ತಲು ರಸ್ತೆಗೆ ಹೋದರು.

ವಹಾಬನು ಬೀದಿಬದಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಗಡ್ಡ ನರೆತಿತ್ತು. ಎದ್ದು ನಿಂತು ಸಲಾಮು ಮಾಡಿದ.

“ತಪ್ಪು ನನ್ನದು ವಹಾಬ್. ಆವತ್ತು ನನಗೂ ಗೊತ್ತಾಗಿತ್ತು.”

“ಗೊತ್ತು ಸ್ವಾಮಿ. ಪಂಚೆಗೆ ಕೈ ಒರಸ್ಕೊಂಡ್ರಲ್ಲ, ನೋಡ್ದೆ.”

“ಕಾಗದ ತಂದಿದೀನಿ. ಅಧಿಕಾರಿಗಳಿಗೆ ನಾನೇ ಹೇಳ್ತೀನಿ.”

“ನನ್ ಕೈ ಒದ್ದೆ. ಅಲ್ಲಿಡಿ.” ವಹಾಬನು ಡಬ್ಬದ ಮೇಲೆ ಜಾಗ ತೋರಿಸಿದ. “ಮೂರು ವರ್ಸ ಆಯ್ತು ತಂತಿ ಮುಟ್ಟಿ. ಈಗ ಏಣಿ ಹತ್ತಿದ್ರೆ ಕಾಲು ನಡುಗ್ತದೆ ಸ್ವಾಮಿ.”

“ಹೊಸ ತೊಲೆ ಏರಿಸ್ತಿದೀನಿ. ಫ್ಯಾನು ನೀನೇ ಬಂದು ಹಾಕಬೇಕು.”

“ನಂಗೆ ಪರವಾನಗಿ ಇಲ್ವಲ್ಲ,” ಎಂದ ವಹಾಬ್. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎಂದು ಕೆಂಪಸಿದ್ದಯ್ಯನವರಿಗೆ ಅನ್ನಿಸಿತು. “ಇರೋರ್ನ ಕರೀರಿ.”

ಹೊಸ ತೊಲೆ ಏರಿತು. ಹಳೆಯ ತೊಲೆ ಇಳಿಸುವಾಗ ಬಿಚ್ಚಿದ್ದ ನಡುಮನೆಯ ಫ್ಯಾನನ್ನು ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಸೇರಿಸಿದರು. ಬೇಸಗೆ ಬಂದಾಗಲೆಲ್ಲ ಮನೆಯವರು ಯಾರನ್ನಾದರೂ ಕರೆಸಿ ಎಂದು ಪೀಡಿಸುವರು. ಬೆವರು ಒರಸಿಕೊಳ್ಳುತ್ತಲೇ ಕೆಂಪಸಿದ್ದಯ್ಯನವರು, ಈ ವರ್ಷ ಸೆಕೆ ಅಷ್ಟೇನಿಲ್ಲ ಎನ್ನುವರು.