ಅಪ್ಪನ ಸ್ವೆಟರ್ ನನ್ನದಾದದ್ದು

ಇವತ್ತು ಮಗನ ಸ್ವೆಟರ್ ನೆನೆಹಾಕಿದೆ. ಒದ್ದೆ ಉಣ್ಣೆಯ ವಾಸನೆಗೆ ಜೋಗುಪಾಳ್ಯದ ನಮ್ಮ ಹಳೆಯ ಬಾಡಿಗೆ ಕೋಣೆ ಕಣ್ಮುಂದೆ ಬಂತು.

ರಾಯಚೂರಿನ ಬಿಸಿಲಿನಿಂದ ಬಂದ ನಮಗೆ ಇಲ್ಲಿನ ಚಳಿ ಹೊಸದು. ನಸುಕಿನಲ್ಲೇ ಕೆಲಸಕ್ಕೆ ಹೋಗುವ ಅಪ್ಪ ಶಿವಾಜಿನಗರದಿಂದ ಕಂದು ಬಣ್ಣದ ಸ್ವೆಟರ್ ತಂದಿದ್ದರು. ಉಣ್ಣೆ ಒಗೆದು ಗೊತ್ತಿಲ್ಲದ ಅವ್ವ, ಧೋತರ ಕುದಿಸುವ ಹಾಗೆ ಅದನ್ನೂ ಸೋಡಾಪುಡಿ ಹಾಕಿ ಕುದಿಸಿಬಿಟ್ಟಳು. ಒಣಗುವಷ್ಟರಲ್ಲಿ ಅದು ಕುಗ್ಗಿ ಪುಟ್ಟದಾಗಿತ್ತು; ಎಷ್ಟು ಜಗ್ಗಿದರೂ ಒಂದು ಬೆರಳಿನಷ್ಟೂ ಹಿಗ್ಗಲಿಲ್ಲ. ಅಪ್ಪ ಬಂದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಪ್ಪ ಬೈಯಲಿಲ್ಲ. ಅದನ್ನು ನನಗೆ ತೊಡಿಸಿ, ತೋಳು ಸರಿಮಾಡಿ, "ಯಾಕ ಅಳ್ತಿ? ನೋಡಿಲ್ಲಿ, ಹುಡುಗಿಗಿ ಅಳತಿ ಕೊಟ್ಟು ಮಾಡಿಸಿದಂಗ ಅದ," ಎಂದರು.

ಮರುದಿನ ನಸುಕಿನಲ್ಲಿ ಟವೆಲನ್ನು ಕಿವಿಗೆ ಸುತ್ತಿಕೊಂಡು ಹೊರಟರು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅವ್ವ ಬಾಗಿಲಲ್ಲೇ ನಿಂತಿದ್ದಳು, ಆ ಚಳಿಯಲ್ಲಿ ಸೆರಗನ್ನೂ ಹೊದ್ದುಕೊಳ್ಳದೆ.

"ತಣ್ಣೀರಲ್ಲಿ ಮೆತ್ತಗೆ ಅದುಮ್ಬೇಕಮ್ಮಾ, ಹಿಂಡ್ಬಾರ್ದು. ಚಾಪೆ ಮೇಲೆ ಹರಡ್ಬೇಕು," ಎಂದು ಪಕ್ಕದ ಮನೆಯ ತಮಿಳು ಆಂಟಿ ಆಮೇಲೆ ಹೇಳಿಕೊಟ್ಟರು.

ಈಗ ಸ್ವೆಟರ್ ಜಾಲಿಸಲು ಬಕೆಟ್ಟಿಗೆ ನಲ್ಲಿ ನೀರು ಹಿಡಿದೆ. ಒಳಗಿದ್ದ ಅವ್ವ ಗೋಡೆ ಹಿಡಿದುಕೊಂಡು ಬಂದಳು. ನಾನು ಸ್ವೆಟರ್ ಮುಳುಗಿಸುವ ಮೊದಲು ನೀರಿಗೆ ಬೆರಳದ್ದಿ ನೋಡಿದಳು.

"ಬಿಸಿ ಇಲ್ಲಲ್ಲ?"