ಮೂವತ್ತೊಂದನೆಯ ಸಾಲು

ಉದ್ಯಾನಕ್ಕೆ ಬರುವ ಮಕ್ಕಳೆಲ್ಲ ಅವಳನ್ನು ಕತ್ತೆಯಜ್ಜಿ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಗಂಡ ಇದ್ದಾಗ ಅವನು ಕತ್ತೆಯಜ್ಜನಾಗಿದ್ದ. ಅವನು ಹೋದ ಮೇಲೆ ಹಗ್ಗವೂ ಹೆಸರೂ ಒಟ್ಟಿಗೇ ಅವಳ ಕೈಗೆ ಬಂದವು. ಅಂದಿನಿಂದ ಹನ್ನೊಂದು ವರ್ಷ, ಮಕ್ಕಳನ್ನು ಬೆನ್ನಿಗೇರಿಸಿಕೊಂಡ ಬೂದಿಯನ್ನು ಉದ್ಯಾನದ ಸುತ್ತುದಾರಿಯಲ್ಲಿ ಅವಳೇ ನಡೆಸಿದಳು. ಒಂದು ಸುತ್ತಿಗೆ ಮುನ್ನೂರ ಹದಿನೆಂಟು ಹೆಜ್ಜೆ. ಬಿಸಿಲಿದ್ದರೆ ಏಳು ಹೆಜ್ಜೆ ಹೆಚ್ಚು, ಬೂದಿ ನೆರಳು ಹುಡುಕಿಕೊಂಡು ಓರೆಯಾಗಿ ನಡೆಯುತ್ತಿತ್ತು.

ಬೂದಿ ಹೆಣ್ಣುಕತ್ತೆ. ವಯಸ್ಸು ಇಪ್ಪತ್ತೊಂಬತ್ತು, ಬಣ್ಣ ಹೆಸರಿನದೇ. ಎಡಗಿವಿಯ ತುದಿಯಲ್ಲಿ ಬೇಲಿಯ ತಂತಿ ಹರಿದ ಒಂದು ಕಚ್ಚು. ಮೂರು ತಲೆಮಾರಿನ ಮಕ್ಕಳು ನೋಡಿ ಬೆಳೆದ ಒಂದು ಹಳೆಯ ಕಾರ್ಟೂನ್ ಸಿನಿಮಾದ ತಾಯಿಕತ್ತೆಗೂ ಎಡಗಿವಿಯಲ್ಲಿ ಅಂಥದೇ ಕಚ್ಚು. ಆ ಕತ್ತೆ ನೀಲಿ ಬಣ್ಣದ್ದು, ಅದರ ಕಣ್ಣು ತಟ್ಟೆಯಷ್ಟಗಲ, ರೆಪ್ಪೆ ಪೊರಕೆಯಷ್ಟುದ್ದ. ಬೂದಿಯ ಕಣ್ಣಿನಲ್ಲಿ ಯಾವಾಗಲೂ ಗೀಜು. ಆದರೂ ಮಕ್ಕಳು ಕಿವಿ ಮುಟ್ಟಿ ನೋಡಿ ಇದೇ ಅದು ಎನ್ನುತ್ತಿದ್ದರು. ಅಜ್ಜಿ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಅನ್ನುತ್ತಿರಲಿಲ್ಲ. ಆ ಸಿನಿಮಾದಲ್ಲಿ ತಾಯಿಕತ್ತೆ ಕೊನೆಗೆ ಸಾಯುತ್ತದೆ. ಸಾಯುವುದೆಂದರೆ ಕಣ್ಣು ಮುಚ್ಚುತ್ತದೆ, ಆಕಾಶದಲ್ಲಿ ಒಂದು ನಕ್ಷತ್ರ ಹೆಚ್ಚಾಗುತ್ತದೆ, ಅಷ್ಟೇ. ಮಕ್ಕಳು ಅತ್ತು, ಮೂಗು ಒರೆಸಿಕೊಂಡು, ಮಾರನೆಯ ದಿನ ಬಂದು ಬೂದಿಯ ಮೇಲೆ ಕೂರುತ್ತಿದ್ದರು.

ಉದ್ಯಾನವನ್ನು ದುರಸ್ತಿಗೆಂದು ಮುಚ್ಚಿದ ವರ್ಷ ಸಿನಿಮಾದವರು ಅಜ್ಜಿಯ ಮನೆ ಹುಡುಕಿಕೊಂಡು ಬಂದರು. ಹಳೆಯ ಕಾರ್ಟೂನನ್ನೇ ಮತ್ತೆ ಮಾಡುತ್ತಾರಂತೆ. ಈ ಸಲ ಕೈಯಲ್ಲಿ ಬರೆಯುವುದಿಲ್ಲವಂತೆ, ಒಂದೊಂದು ಕೂದಲೂ ನಿಜದ ಹಾಗೆ ಕಾಣಬೇಕಂತೆ. ಬಂದವರಲ್ಲಿ ಮುಖ್ಯಸ್ಥನಿಗೆ ತಲೆಯ ಮೇಲೆ ಟೋಪಿ. ಅವನು ನೇರವಾಗಿ ಹಿತ್ತಿಲಿಗೆ ಹೋಗಿ ಬೂದಿಯ ಮುಂದೆ ನಿಂತ. ಎಲ್ಲರಂತೆ ಮೊದಲು ಕಿವಿ ನೋಡಲಿಲ್ಲ. ತುಟಿ ಬಿಡಿಸಿ ಹಲ್ಲು ನೋಡಿದ.

"ತುಂಬಾ ವಯಸ್ಸಾಗಿದೆ ಅಲ್ವಾ?" ಎಂದ.

"ನನಗೂ ಅದಕ್ಕೂ ಒಂದೇ ಲೆಕ್ಕ ಸ್ವಾಮಿ," ಎಂದಳು ಅಜ್ಜಿ. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ."

ಟೋಪಿಯವನು ನಕ್ಕ. "ಇಂಥದೇ ಬೇಕಿತ್ತು."

ಅವರು ಕೊಟ್ಟ ಕಾಗದವನ್ನು ಮೊಮ್ಮಗಳು ಗಟ್ಟಿಯಾಗಿ ಓದಿದಳು. ಕೆಲಸ ಮುಗಿಯುವವರೆಗೆ ಪ್ರಾಣಿ ಅವರ ವಶದಲ್ಲಿರುತ್ತದೆ. ಮೇವು, ಔಷಧಿ, ಬೆಚ್ಚನೆಯ ಜಾಗ ಅವರದು. ಅಜ್ಜಿ ದಿನವೂ ಬಂದು ನೋಡಿಕೊಳ್ಳಬಹುದು. ಚಳಿ ಹತ್ತಿರ ಬಂದಿತ್ತು, ಬೂದಿಗೆ ಕೆಮ್ಮು, ಹಿತ್ತಿಲ ಮಾಡು ಸೋರುತ್ತಿತ್ತು. ಅಜ್ಜಿ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೂರಿಸಿ ಸಹಿ ಹಾಕಿದಳು. ಅವಳದು ಮೂರನೆಯ ತರಗತಿಯ ವಿದ್ಯೆ. ಬಸ್ಸಿನ ಬೋರ್ಡು ಓದುವಷ್ಟು, ಅದೂ ಬಸ್ಸು ನಿಂತಿದ್ದರೆ.

ಕೆಲಸ ನಡೆಯುವ ಜಾಗ ಒಂದು ಹಳೆಯ ಗೋದಾಮು. ನಡುವೆ ಕಬ್ಬಿಣದ ದೊಡ್ಡ ಬಳೆ, ಬಳೆಯ ತುಂಬ ಕ್ಯಾಮೆರಾಗಳು. ಮೂಲೆಯಲ್ಲಿ ಹುಲ್ಲು ಹಾಸಿದ ಕಟಕಟೆ, ಅದರ ನಾಲ್ಕು ಕಂಬಗಳಿಗೆ ನಾಲ್ಕು ಕ್ಯಾಮೆರಾ. ಇವು ಹಗಲೂ ರಾತ್ರಿ ಕಣ್ಣು ಮುಚ್ಚುವುದಿಲ್ಲ ಎಂದು ಅಲ್ಲಿಯ ಹುಡುಗಿಯೊಬ್ಬಳು ಹೇಳಿದಳು. ಬೂದಿಯ ಮೈಮೇಲೆಲ್ಲ ಬಿಳಿಯ ಚುಕ್ಕಿ ಅಂಟಿಸುವುದು ಅವಳ ಕೆಲಸ, ಹಾಗಾಗಿ ಅಜ್ಜಿ ಅವಳಿಗೆ ಚುಕ್ಕಿ ಎಂದೇ ಹೆಸರಿಟ್ಟಳು. ಸೊಂಟಕ್ಕೆ ಇಷ್ಟು, ಮೊಣಕಾಲಿಗೆ ಇಷ್ಟು, ಕಿವಿಯ ಕಚ್ಚಿಗೇ ಮೂರು.

"ಇದೇನಮ್ಮ, ಸಿಡುಬಿನ ಅಮ್ಮ ಬಂದವಳ ಹಾಗೆ ಮಾಡಿಟ್ಟೆ."

"ಈ ಚುಕ್ಕಿ ಎಲ್ಲೆಲ್ಲಿ ಹೋಗುತ್ತೆ ಅಂತ ಕಂಪ್ಯೂಟರ್ ನೋಡ್ಕೊಳ್ಳುತ್ತೆ ಅಜ್ಜಿ. ಆಮೇಲೆ ಅದೇ ಒಂದು ಕತ್ತೆ ಮಾಡುತ್ತೆ."

"ಹಾಗಾದ್ರೆ ಹಗ್ಗ ಹಿಡ್ಕೊಂಡಿರೋ ನಾನೂ ಬರ್ತೀನಾ?"

"ನಿಮ್ಮನ್ನ ಅಳಿಸಿಬಿಡ್ತೀವಿ."

ಹುಡುಗಿ ಅದನ್ನು ತಟ್ಟೆ ತೊಳೆದುಬಿಡ್ತೀನಿ ಎನ್ನುವಷ್ಟು ಸಲೀಸಾಗಿ ಹೇಳಿದಳು. ಅಜ್ಜಿಗೂ ನಗು ಬಂತು.

ಕಟಕಟೆಯ ಪಕ್ಕದ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು, ಮೂವತ್ತೊಂದು ಸಾಲಿನದು. ಮೊಳೆಗೆ ದಾರ ಕಟ್ಟಿ ಪೆನ್ಸಿಲು ಇಳಿಬಿಟ್ಟಿದ್ದರು. ಒಂದೊಂದು ಕೆಲಸ ಆದಾಗ ಚುಕ್ಕಿ ಬಂದು ಟಿಕ್ ಹಾಕುತ್ತಿದ್ದಳು. ಮೇವು ಹಾಕಿ ಕೂತ ಹೊತ್ತಿನಲ್ಲಿ ಅಜ್ಜಿ ದಿನಕ್ಕೊಂದು ಸಾಲು ಓದತೊಡಗಿದಳು. ಅವಸರವೇನಿತ್ತು. ಮೊದಲ ದಿನ 'ನಡಿಗೆ'. ಎರಡನೆಯ ದಿನ 'ಓಟ', ಅದಕ್ಕೆ ಬೂದಿ ಒಪ್ಪಿದ್ದು ಬೆಲ್ಲ ತೋರಿಸಿದ ಮೇಲೆ. 'ನೀರು ಕುಡಿಯುವುದು.' 'ಕಿವಿ ಅಲುಗಿಸುವುದು.' ಹನ್ನೆರಡನೆಯದು 'ನಿದ್ದೆ'. ಅದಕ್ಕೆ ಮೂರು ದಿನ ಹಿಡಿಯಿತು. ಬೂದಿಗೆ ಮಲಗುವಾಗ ಅಜ್ಜಿಯ ಪಾದದ ಮೇಲೆ ಗಲ್ಲ ಇಟ್ಟೇ ಅಭ್ಯಾಸ. ಕೊನೆಗೆ ಅಜ್ಜಿಯೇ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ಬೂದಿ ಗಲ್ಲ ಇಟ್ಟಿತು, ಮಲಗಿತು, ಟಿಕ್ ಬಿತ್ತು.

ಇಪ್ಪತ್ತೆಂಟನೆಯ ಸಾಲು ಓದುವ ಮುಂಚೆಯೇ ಅದು ನಡೆಯತೊಡಗಿತ್ತು. ಬೂದಿಯ ಕೆಮ್ಮಿಗೆ ದಿನವೂ ಕೊಡುತ್ತಿದ್ದ ಔಷಧಿಯ ಸೀಸೆ ಕಿಟಕಿಯಲ್ಲಿ ಇರಲಿಲ್ಲ. ಎರಡು ದಿನದಲ್ಲಿ ಕೆಮ್ಮು ಏರಿತು. ಅಜ್ಜಿ ಕೇಳಿದಾಗ ಚುಕ್ಕಿ ಪಟ್ಟಿಯ ಕಡೆ ಬೆರಳು ತೋರಿಸಿದಳು. 'ಕೆಮ್ಮು' ಎಂದು ಅಲ್ಲೇ ಬರೆದಿತ್ತು.

"ಸಿನಿಮಾದಲ್ಲಿ ಅದಕ್ಕೆ ಕಾಯಿಲೆ ಬರುತ್ತಲ್ಲ ಅಜ್ಜಿ. ಔಷಧಿ ಕೊಟ್ರೆ ಕೆಮ್ಮೋದೇ ಇಲ್ಲ."

ಕೆಮ್ಮಿಗೆ ಟಿಕ್ ಬಿತ್ತು. ಸೀಸೆ ಕಿಟಕಿಗೆ ಮರಳಿ ಬರಲಿಲ್ಲ. ಅಜ್ಜಿ ಮನೆಯಿಂದ ಸೆರಗಿನಲ್ಲಿ ತಂದಳು, ಬಾಗಿಲ ಕಾವಲಿನವನು ಹೊರಗಿನ ಔಷಧಿ ಒಳಗೆ ಬಿಡುವ ಹಾಗಿಲ್ಲ ಎಂದು ಇಸಿದುಕೊಂಡ. ಇಪ್ಪತ್ತೊಂಬತ್ತನೆಯದು 'ಕಾಲು ಕುಸಿಯುವುದು'. ಮೂವತ್ತನೆಯದು 'ಏಳಲಾಗದೆ ಮಲಗುವುದು'. ಅವೆರಡೂ ಒಂದೇ ವಾರದಲ್ಲಿ ತಾವಾಗಿಯೇ ಆದವು. ಯಾರೂ ಬೂದಿಯನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲರೂ ಕಾಲಬೆರಳ ಮೇಲೆ ಓಡಾಡುತ್ತಿದ್ದರು. ಅಷ್ಟು ಮೆಲ್ಲಗೆ ಮಾತಾಡುವ ಮನೆಯನ್ನು ಅಜ್ಜಿ ಗಂಡನ ಕೊನೆಯ ದಿನಗಳಲ್ಲಿ ಮಾತ್ರ ಕಂಡಿದ್ದಳು.

ಮಾರನೆಯ ದಿನ ಬೂದಿ ಹೇಗೋ ಎದ್ದು ನಿಂತು ಹುಲ್ಲು ಮೂಸಿತು. ಅಜ್ಜಿ ಪಟ್ಟಿಯ ಕೊನೆಯ ಸಾಲಿಗೆ ಬೆರಳಿಟ್ಟಳು. ಕೊ. ನೆ. ಯು. ಸಿ. ರು. ಬಿಡಿಬಿಡಿಯಾಗಿ ಓದಿದಳು, ಮತ್ತೆ ಕೂಡಿಸಿ ಓದಿದಳು. ಬೆರಳು ಕಾಗದದ ಮೇಲೆಯೇ ಉಳಿಯಿತು. ಟೋಪಿಯವನು ಅಂದು ಹಲ್ಲು ನೋಡಿದ್ದು ಯಾಕೆಂದು ಈಗ ತಿಳಿಯಿತು.

"ಇದು ಹೇಗಮ್ಮ ಆಗೋದು?" ಎಂದು ಚುಕ್ಕಿಯನ್ನು ಕೇಳಿದಳು.

ಹುಡುಗಿ ಚುಕ್ಕಿಗಳ ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತಳು. "ಯಾರೂ ಏನೂ ಮಾಡಲ್ಲ ಅಜ್ಜಿ. ಹೇಗೂ ವಯಸ್ಸಾಗಿದೆ. ಸುಮ್ನೆ ಕಾಯ್ತೀವಿ."

"ಎಷ್ಟು ದಿನ ಕಾಯ್ತೀರಿ?"

"ತಿಂಗಳ ಕೊನೆಗೆ ಈ ಗೋದಾಮು ಖಾಲಿ ಮಾಡ್ಬೇಕು."

ಎರಡು ಮಾತನ್ನೂ ಅವಳು ಬೇರೆ ಬೇರೆಯಾಗಿಯೇ ಹೇಳಿದಳು. ಕೂಡಿಸುವ ಕೆಲಸ ಅಜ್ಜಿಗೆ ಬಿಟ್ಟಳು. ತಿಂಗಳ ಕೊನೆಗೆ ಎಂಟು ದಿನ ಇತ್ತು. ಪಶುವೈದ್ಯನೊಬ್ಬ ಆಗಲೇ ಎರಡು ಸಲ ಬಂದು ಬೂದಿಯ ಎದೆಗೆ ಕಿವಿಗೊಟ್ಟು, ಟೋಪಿಯವನ ಮುಖ ನೋಡಿ, ಇನ್ನೂ ಇಲ್ಲ ಎಂದು ತಲೆಯಾಡಿಸಿ ಹೋಗಿದ್ದ.

ಬೂದಿಯನ್ನು ಮನೆಗೆ ಕರೆದೊಯ್ಯುತ್ತೇನೆ ಎಂದು ಅಜ್ಜಿ ಬಾಗಿಲಿಗೆ ಹೋಗಿ ಕೇಳಿದಳು. ಕಾವಲಿನವನು ಒಳ್ಳೆಯವನೇ, ಆದರೆ ನಿಯಮವೆಂದರೆ ಅವನಿಗೆ ನಿಯಮ. "ಪಟ್ಟಿ ಪೂರ್ತಿ ಟಿಕ್ ಆಗ್ಬೇಕಜ್ಜಿ. ಮೊನ್ನೆ ಬಾತುಕೋಳಿ ಬಿಟ್ಟೆನಲ್ಲ, ಒಂಬತ್ತು ಸಾಲು, ಒಂಬತ್ತು ಟಿಕ್. ಎಣಿಸಿದೆ, ಬಿಟ್ಟೆ." ಅವನು ಆ ಪಟ್ಟಿಯನ್ನು ಓದಿರಲಿಲ್ಲ, ಬೆರಳಿಟ್ಟು ಎಣಿಸಿದ್ದ. ಅದನ್ನು ಅಜ್ಜಿ ಆ ದಿನವೇ ನೋಡಿದ್ದಳು.

ಆ ಸಂಜೆ ಅಡುಗೆಮನೆಯ ಒಲೆಕಟ್ಟೆಯ ಮೇಲೆ ಅಜ್ಜಿ ಒದ್ದೆ ಬೆರಳಿನಿಂದ ಗೀಟು ಎಳೆಯುತ್ತ ಕೂತಳು. ಚುಕ್ಕಿ ಹಾಕುವ ಟಿಕ್ಕಿನ ಬಾಲ ಉದ್ದ, ತುದಿಯಲ್ಲಿ ಸ್ವಲ್ಪ ಒಳಕ್ಕೆ ಬಾಗುತ್ತದೆ.

ಮೊಮ್ಮಗಳು ಬಗ್ಗಿ ನೋಡಿದಳು. "ನಮ್ಮ ಮಿಸ್ಸು ಹಾಕೋ ಹಾಗೇ ಇದೆ. ಯಾರಿಗಜ್ಜಿ ಮಾರ್ಕ್ಸು?"

"ಬೂದಿಗೆ," ಎಂದಳು ಅಜ್ಜಿ. "ಪಾಸಾಗಿ ಮನೆಗೆ ಬರಲಿ."

ಮರುದಿನ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಅವಳು ದಾರದ ಪೆನ್ಸಿಲು ಹಿಡಿದು ಮೂವತ್ತೊಂದನೆಯ ಸಾಲಿನ ಮುಂದೆ ಟಿಕ್ ಹಾಕಿದಳು. ಬಾಲವನ್ನು ತುದಿಯಲ್ಲಿ ಒಳಕ್ಕೆ ಬಾಗಿಸಿದಳು. ಹಾಕಿ ಮುಗಿಸಿದ ಮೇಲೆ ಆ ಸಾಲಿಗೆ ಒಪ್ಪಿಗೆ ಕೊಟ್ಟ ಕೈ ತನ್ನದೇ ಎಂದು ತೋರಿತು. ಪಟ್ಟಿಯನ್ನು ಬಿಡಿಸಿಕೊಂಡು ಬೂದಿಯನ್ನು ಬಾಗಿಲಿಗೆ ನಡೆಸಿದಳು. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು.

ಕಾವಲಿನವನು ಎಣಿಸಿದ. ಮೂವತ್ತೊಂದು. ಆ ದಿನ ಅದೇನು ತೋಚಿತೋ, ಕೊನೆಯ ಸಾಲನ್ನು ಓದಿದ. ಓದಿ ಬೂದಿಯನ್ನು ನೋಡಿದ. ಬೂದಿ ಕೆಮ್ಮಿತು.

"ಅಜ್ಜಿ, ಇದರಲ್ಲಿ ಬರೆದಿರೋದು ಆಗಿದ್ರೆ ಇದು ನಡ್ಕೊಂಡು ಹೋಗೋ ಹಾಗಿಲ್ಲವಲ್ಲ."

"ನನಗೆ ಓದು ಎಲ್ಲಿ ಬರುತ್ತಪ್ಪ. ಟಿಕ್ ಇದೆಯೋ ಇಲ್ವೋ?"

"ಇದೆ."

"ನಿನ್ನ ಕೆಲಸ ಟಿಕ್ ನೋಡೋದಾ, ಉಸಿರು ನೋಡೋದಾ?"

ಅವನು ಪಟ್ಟಿಯನ್ನು ಫೈಲಿಗೆ ಸೇರಿಸಿ ಅಗಳಿ ತೆಗೆದ. "ನಾನು ಕತ್ತೆ ನೋಡ್ಲಿಲ್ಲ," ಎಂದ.

ದಾರಿಯುದ್ದಕ್ಕೂ ಅಜ್ಜಿ ಹಿಂದೆ ಗಾಡಿಯ ಸದ್ದಾದೀತೆಂದು ಕಿವಿ ನಿಮಿರಿಸಿಕೊಂಡೇ ನಡೆದಳು. ಬರಲಿಲ್ಲ. ಆ ವಾರವೂ ಬರಲಿಲ್ಲ, ಆ ತಿಂಗಳೂ ಬರಲಿಲ್ಲ. ಕೇಳಲು ಒಂದು ಕಾಗದ ಸಹ ಇಲ್ಲ. ಬಂದು ಜಗಳವಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಔಷಧಿಗೆ ಬೂದಿಯ ಕೆಮ್ಮು ಇಳಿಯಿತು, ಕಾಲಿಗೆ ಬಲ ಬಂತು. ಮೈಯಿಂದ ಚುಕ್ಕಿಗಳನ್ನು ಒಂದೊಂದಾಗಿ ಎಣ್ಣೆ ಹಚ್ಚಿ ಕಿತ್ತಳು.

ವರ್ಷ ಕಳೆದು ಸಿನಿಮಾ ಬಂತು. ಅಂಚೆಯಲ್ಲಿ ಎರಡು ಟಿಕೆಟು ಬಂದವು, ಜೊತೆಗೆ ಒಂದು ಚೀಟಿ. 'ನಿಮ್ಮ ಬೂದಿಯ ವಿಷಯಕ್ಕೆ ತುಂಬಾ ದುಃಖವಾಯಿತು ಅಜ್ಜಿ. ನಾನು ಊಟಕ್ಕೆ ಹೋಗಿದ್ದೆ.' ಕೆಳಗೆ ಹೆಸರಿರಲಿಲ್ಲ, ಒಂದು ಬಿಳಿಯ ಚುಕ್ಕಿ ಅಂಟಿಸಿತ್ತು. ಅಜ್ಜಿ ಅದನ್ನು ನಾಲ್ಕು ಸಲ ಓದಿದಳು.

ಮಧ್ಯಾಹ್ನದ ಆಟಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋದಳು. ಪರದೆಯ ಮೇಲೆ ಬೂದಿ ಬಂತು. ಬೂದಿಯಂಥದ್ದಲ್ಲ, ಬೂದಿಯೇ. ಕಣ್ಣಿನ ಗೀಜು, ಕಿವಿಯ ಕಚ್ಚು, ಬೆನ್ನಿನ ಮೇಲೆ ತಡಿ ಉಜ್ಜಿ ಕೂದಲು ಹೋದ ಜಾಗ. ಅದು ಮನುಷ್ಯರ ಹಾಗೆ ಮಾತಾಡಿದಾಗ ಹಿಂದಿನ ಸಾಲಿನಲ್ಲಿ ಒಂದು ಮಗು ತಾಯಿಯ ಮಡಿಲಿಗೆ ಮುಖ ಹುದುಗಿಸಿತು. ನಕ್ಷತ್ರದ ಹೊತ್ತು ಬಂತು. ಈ ಸಲ ನಕ್ಷತ್ರ ಇರಲಿಲ್ಲ. ತಾಯಿಕತ್ತೆ ಕುಸಿದು ಮಲಗಿ, ಗಲ್ಲವನ್ನು ನೆಲದತ್ತ ಇಳಿಸಿ, ಒಂದು ಉಸಿರು ಎಳೆಯಿತು. ಎರಡು. ಮೂರು. ಅಲ್ಲಿಗೆ ನಿಂತಿತು.

ಜನ ಅಳುತ್ತಿದ್ದರು. ಅಜ್ಜಿ ಮಾತ್ರ ಗಲ್ಲವನ್ನೇ ನೋಡುತ್ತಿದ್ದಳು. ಅದು ನೆಲಕ್ಕೆ ತಾಗಿರಲಿಲ್ಲ. ನಡುವೆ ನಾಲ್ಕು ಬೆರಳಿನಷ್ಟು ಬರಿಯ ಗಾಳಿ, ಒಂದು ಪಾದ ಇರುವಷ್ಟು. ಇದು ಮೂವತ್ತೊಂದನೆಯದಲ್ಲ, ಹನ್ನೆರಡನೆಯದು. ಟಿಕ್ ಇದ್ದ ಮೇಲೆ ಸಾವು ಆಗಿರಲೇಬೇಕೆಂದು ಅವರು ಕ್ಯಾಮೆರಾಗಳಲ್ಲಿ ಹುಡುಕಿದ್ದರು. ಬೂದಿ ಅವಳ ಕಾಲ ಮೇಲೆ ನಿದ್ದೆ ಹೋದದ್ದು ಸಿಕ್ಕಿತ್ತು. ಅವಳನ್ನು ಅಳಿಸಿದ್ದರು. ಉಸಿರನ್ನು ನಿಲ್ಲಿಸಿದ್ದರು.

ಮನೆಯ ಮುಂದೆ ನೆರೆಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು. ಅವಳು ನಿನ್ನೆಯೇ ಸಿನಿಮಾ ನೋಡಿ ಬಂದಿದ್ದಳು. "ನಮ್ಮ ಮಕ್ಕಳು ಇನ್ನು ಆ ಕತ್ತೆ ಮೇಲೆ ಕೂರಲ್ಲ ಅಂತವೆ ಅಜ್ಜಿ. ನನಗೂ ಅದು ಹಿತ್ತಿಲಲ್ಲಿ ಓಡಾಡಿದ್ರೆ ಒಂಥರಾ ಆಗುತ್ತೆ."

ಮೊಮ್ಮಗಳು ಹಿತ್ತಿಲ ಬಾಗಿಲಲ್ಲೇ ನಿಂತಳು. ಬೂದಿ ಅವಳ ಸದ್ದಿಗೆ ಕಿವಿ ತಿರುಗಿಸಿತು.

"ಬಾರೇ, ಮುಟ್ಟಿ ನೋಡು. ಇಲ್ಲೇ ಇದೆಯಲ್ಲ."

"ಬೇಡಜ್ಜಿ. ಅಲ್ಲಿ ಸತ್ತಿದ್ದು ಇದೇ ತಾನೇ? ಮತ್ತೆ ಯಾಕೆ ಇನ್ನೂ ನನ್ನನ್ನ ನೋಡ್ತಿದೆ?"

ಮಗು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಇನ್ನೂ ಬೆಳಕಿತ್ತು. ಅಜ್ಜಿ ಹುಲ್ಲಿನ ಮೇಲೆ ಕೂತು ಕಾಲು ಚಾಚಿದಳು. ಬೂದಿ ಮುಂಗಾಲು ಮಡಿಸಿ, ಮೆಲ್ಲಗೆ ಮಲಗಿ, ಗಲ್ಲವನ್ನು ಅವಳ ಪಾದದ ಮೇಲಿಟ್ಟಿತು. ಭಾರ ಬೆಚ್ಚಗಿತ್ತು. ಕಣ್ಣು ಮುಚ್ಚಿತು.

ಅಜ್ಜಿ ಎಣಿಸಿದಳು. ಒಂದು. ಎರಡು. ಮೂರು.

ಕಾಲು ಅಲುಗಿಸದೆ ಕಾದಳು.

ನಾಲ್ಕನೆಯದು ತಡವಾಗಿ ಬಂತು, ಒಂದು ಸಣ್ಣ ಕೆಮ್ಮಿನ ಜೊತೆಗೆ. ಅಜ್ಜಿ ಮತ್ತೆ ಒಂದರಿಂದ ಶುರು ಮಾಡಿದಳು.